ಸೀಟು ಕ್ಯಾರಿಯರ್ ಮೇಲೆ, ಮಗು ಮಡಿಲ ಮೇಲೆ

ಸಂಪಾದಕರಿಗೆ ನಮಸ್ಕಾರ.

ನಾನು ಹಾಸನದವಳು. ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನ್ಯೂಟನ್ನನ ಮೊದಲ ನಿಯಮವನ್ನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ. ರಟ್ಟನ್ನು ಬೆರಳಲ್ಲಿ ಚಿಮ್ಮಿದರೆ ನಾಣ್ಯ ಲೋಟದೊಳಗೆ ಟಣ್ ಅಂತ ಬೀಳುತ್ತದೆ. "ಬಸ್ಸು ಗಕ್ಕನೆ ನಿಂತರೆ ನೀವ್ಯಾಕೆ ಮುಂದಕ್ಕೆ ಮುಗ್ಗರಿಸ್ತೀರಿ?" ಎಂದು ಕೇಳಿದರೆ ಕೊನೇ ಬೆಂಚಿನವರೂ ಕೈ ಎತ್ತುತ್ತಿದ್ದರು.

ಇಂಥ ನಾನೇ ಈಚೆಗೆ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹಾಸನದವರೆಗೆ ಟ್ಯಾಕ್ಸಿಯಲ್ಲಿ ಬಂದೆ. ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರ್ ದಾರಿ. ಅವಳಿಗೆಂದೇ ಇಂಗ್ಲೆಂಡಿನಿಂದ ಹೊತ್ತು ತಂದಿದ್ದ, ಕಾರಿನಲ್ಲಿ ಮಗುವನ್ನು ಪಟ್ಟಿ ಬಿಗಿದು ಕೂರಿಸುವ ಸೀಟು ನಮ್ಮ ತಲೆಯ ಮೇಲೆ, ಕ್ಯಾರಿಯರ್‌ನಲ್ಲಿ, ಪ್ಲಾಸ್ಟಿಕ್ ಹಗ್ಗದಿಂದ ಎರಡು ಸುತ್ತು ಬಿಗಿಸಿಕೊಂಡು ಬಂತು. ಹಿಂದೆ ಕೂತಿದ್ದ ನಮ್ಮೆಲ್ಲರಿಗಿಂತ ಅದೇ ಭದ್ರವಾಗಿತ್ತು.

ನಡೆದದ್ದು ಹೀಗೆ. ಮಗ, ಸೊಸೆ, 14 ತಿಂಗಳ ಮಗು ಬರುತ್ತಾರೆಂದು ನಾನೇ ಒಂದು ಟ್ರಾವೆಲ್ಸ್‌ಗೆ ಫೋನ್ ಮಾಡಿದ್ದೆ. "ಮಗುವಿನ ಸೀಟು ಹಾಕೋಕೆ ಜಾಗ ಇರುತ್ತಾ?" ಎಂದು ಕೇಳಿದ್ದೆ. "ಇರುತ್ತೆ ಮೇಡಂ, ಟೆನ್ಶನ್ ಬೇಡ" ಎಂದರು. ಜಾಗ ಇತ್ತು, ಸುಳ್ಳಲ್ಲ. ಆದರೆ ಹಿಂದಿನ ಸೀಟಿಗೆ ದಪ್ಪ ರೆಕ್ಸಿನ್ ಕವರ್ ಹೊಲಿಸಿದ್ದರು. ಬೆಲ್ಟ್ ಪಕ್ಕದಲ್ಲಿ ನೇತಾಡುತ್ತಿತ್ತು. ಅದನ್ನು ಸಿಕ್ಕಿಸುವ ಬಕಲ್ ಮಾತ್ರ ಕವರಿನ ಕೆಳಗೆ ಹೂತುಹೋಗಿತ್ತು. ಮಗ ಬೆರಳು ತೂರಿಸಿ ತೂರಿಸಿ ಹುಡುಕಿದ. ಡ್ರೈವರ್, "ಕವರ್ ಪೂರ್ತಿ ಬಿಚ್ಚಬೇಕು ಸಾರ್, ಅರ್ಧ ಗಂಟೆ ಬೇಕು. ಹಿಂದೆ ಯಾರೂ ಹಾಕಲ್ಲ ಅಲ್ವಾ" ಎಂದ. ಬೆಳಗಿನ ಜಾವ ನಾಲ್ಕೂವರೆ. ಗಾರ್ಡ್ ಸೀಟಿ ಊದುತ್ತಾ ಗಾಡಿ ತೆಗೀರಿ ಅನ್ನುತ್ತಿದ್ದಾರೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್, ಅದರ ಮುಂದೆ ಎರಡು ಸೂಟ್‌ಕೇಸ್. ಮಗು ಅಳುತ್ತಿದೆ.

ಆಗ ಬಾಯಿ ಹಾಕಿದವಳು ನಾನೇ. "ಕೊಡು ಇತ್ಲಾಗೆ, ನಾನು ಎತ್ಕೋತೀನಿ. ನಿನ್ನನ್ನೂ ಹಂಗೇ ಅಲ್ವಾ ಬೆಳೆಸಿದ್ದು?" ಸೊಸೆ ಏನೂ ಹೇಳಲಿಲ್ಲ. ನೆಲಮಂಗಲದವರೆಗೂ ಕಿಟಕಿಯಾಚೆ ನೋಡುತ್ತಾ ಕೂತಳು.

ಯಡಿಯೂರು ದಾಟಿದ ಮೇಲೆ ಒಂದು ಟ್ರ್ಯಾಕ್ಟರ್ ಪಕ್ಕದ ರಸ್ತೆಯಿಂದ ಸೀದಾ ಹೆದ್ದಾರಿಗೆ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಒಳ್ಳೆಯ ಡ್ರೈವರ್, ಗಾಡಿ ನಿಂತಿತು. ಏನೂ ತಗಲಲಿಲ್ಲ. ಆದರೆ ನನ್ನ ಎರಡೂ ಕೈಗಳ ಮಧ್ಯದಿಂದ ಮಗು ಸೋಪಿನ ಹಾಗೆ ಜಾರಿತು. ಹಣೆ ಮುಂದಿನ ಸೀಟಿಗೆ ಬಡಿಯಿತು. ಒಂದು ಕೆಂಪು ಗೆರೆ ಮೂಡಿತು, ಅಷ್ಟೆ. ಹತ್ತು ನಿಮಿಷದಲ್ಲಿ ಮಾಯ. ಅವಳು ನಗಲೂ ಶುರು ಮಾಡಿದಳು. ನಾನು ತೂಕಡಿಸುತ್ತಿರಲಿಲ್ಲ. ಫೋನ್ ನೋಡುತ್ತಿರಲಿಲ್ಲ. ಅವಳನ್ನು ಗಟ್ಟಿಯಾಗಿಯೇ ಹಿಡಿದಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆ ಚಟ, ಎದ್ದು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಮೇಲಿನಿಂದ ಬೀಳುವ ವಸ್ತುವಿಗೆ ಅಷ್ಟು ವೇಗ ಬರಬೇಕಾದರೆ ಅದು 10 ಮೀಟರ್ ಎತ್ತರದಿಂದ ಬೀಳಬೇಕು. ಅಂದರೆ ಮೂರನೇ ಮಹಡಿ. 80 ಕಿ.ಮೀ. ವೇಗಕ್ಕೆ 25 ಮೀಟರ್, ಎಂಟನೇ ಮಹಡಿ. ಎಂಟನೇ ಮಹಡಿಯಿಂದ ಬೀಳುವ ಮಗುವನ್ನು ನಾನು ಕೆಳಗೆ ನಿಂತು ಕ್ಯಾಚ್ ಹಿಡಿಯುತ್ತೇನೆ ಅಂದರೆ ಯಾರಾದರೂ ನಂಬುತ್ತಾರಾ? ಮಡಿಲಲ್ಲಿ ಹಿಡ್ಕೋತೀನಿ ಅಂದಾಗ ಮಾತ್ರ ಎಲ್ಲರೂ ನಂಬುತ್ತೇವೆ. ಮೇಷ್ಟ್ರ ಕೆಲಸ ಮಾಡಿದ ನಾನೂ ನಂಬಿದ್ದೆ.

ಕಾನೂನಿನ ಮಾತಿಗೆ ಬರೋಣ. 2019ರ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯ್ದೆಗೆ 194ಬಿ ಎಂಬ ಕಲಮು ಸೇರಿದೆ. 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರ ಮಾಡದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ ಎಂದು ಅದು ಹೇಳುತ್ತದೆ. ಓಡಿಸಿದವರಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವರಿಗೂ. 2022ರಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡರಲ್ಲ, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದರು. ಆಮೇಲೆ ಒಂದಷ್ಟು ದಿನ ಎಲ್ಲರಿಗೂ ಹಿಂದಿನ ಬೆಲ್ಟ್ ನೆನಪಾಯಿತು. ಈಗ ಮತ್ತೆ ಅದರ ಮೇಲೆ ಕವರ್ ಬಂದು ಕೂತಿದೆ.

ನಾನು ಡ್ರೈವರುಗಳ ಮೇಲೆ ಗೂಬೆ ಕೂರಿಸಲು ಬರೆಯುತ್ತಿಲ್ಲ. ಹತ್ತು ಬಾಡಿಗೆಯಲ್ಲಿ ಒಂದಕ್ಕೆ ಮಗು ಇರಬಹುದು. ಅದಕ್ಕಾಗಿ ಅವರು ಐದಾರು ಸಾವಿರ ಕೊಟ್ಟು ಸೀಟು ಕೊಂಡು, ಸಿಲಿಂಡರ್ ಇರುವ ಡಿಕ್ಕಿಯಲ್ಲಿ ಎಲ್ಲಿಡಬೇಕು? ಮಗ ಹೇಳಿದ, ಇಂಗ್ಲೆಂಡಿನಲ್ಲೂ ಟ್ಯಾಕ್ಸಿಗೆ ರಿಯಾಯಿತಿ ಇದೆಯಂತೆ. ಸ್ವಂತ ಕಾರಿನಲ್ಲಾದರೆ 12 ವರ್ಷ ಆಗುವವರೆಗೆ, ಇಲ್ಲವೇ 135 ಸೆಂ.ಮೀ. ಎತ್ತರ ಬೆಳೆಯುವವರೆಗೆ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಯಲ್ಲಿ ಸರಿಯಾದ ಸೀಟು ಇಲ್ಲದಿದ್ದರೆ ಹಿಂದೆ ಕೂರಿಸಿಕೊಂಡು ಹೋಗಬಹುದು. ಮೂರು ವರ್ಷದೊಳಗಿನ ಮಗುವಿಗೆ ಬೆಲ್ಟೂ ಬೇಡ. ಕೇಳಿ ನನಗೂ ಆಶ್ಚರ್ಯವಾಯಿತು. ಸೀಟು ಹೊತ್ತು ತರಬೇಕಾದವರು ಅಲ್ಲೂ ಇಲ್ಲೂ ತಂದೆ ತಾಯಿಯೇ. ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಹೊತ್ತು ತಂದ ಸೀಟನ್ನು ಕೂರಿಸಲು ಗಾಡಿಯಲ್ಲಿ ಬೆಲ್ಟು ಬಕಲ್ಲು ಕೈಗೆ ಸಿಗಲಿ.

ಸಿಕ್ಕರೆ ಎಷ್ಟು ಸುಲಭ ಎಂಬುದನ್ನೂ ನೋಡಿದೆ. ಒಂದು ವಾರದ ನಂತರ ಧರ್ಮಸ್ಥಳಕ್ಕೆ ಹೋಗಬೇಕಿತ್ತು. ಈ ಸಲ ನಮ್ಮೂರಿನ ಟ್ಯಾಕ್ಸಿ ಸ್ಟ್ಯಾಂಡಿನ ಒಬ್ಬ ಹುಡುಗನಿಗೆ ಹೇಳಿದೆ. ಹುಡುಗ ಅಂದರೆ ನಲವತ್ತರ ಹತ್ತಿರದವನು, ನನ್ನ ಹಳೆ ಶಿಷ್ಯ. ಹಿಂದಿನ ದಿನ ಸಂಜೆಯೇ ಗಾಡಿ ಮನೆ ಹತ್ತಿರ ತರಿಸಿದೆ. ವಿಮಾನ ನಿಲ್ದಾಣದ ಗಡಿಬಿಡಿಯಲ್ಲಿ ಆಗದ ಕೆಲಸ ಮನೆ ಮುಂದೆ ಕಾಫಿ ಕುಡಿಯುತ್ತಾ ಆಯಿತು.

ಹಿಂದಿನ ಕವರ್ ಬಿಚ್ಚಿದೆವು. ಕೆಳಗೆ ಕಡಲೆಕಾಯಿ ಸಿಪ್ಪೆ, ಒಂದು ಹೇರ್‌ಪಿನ್, ಎರಡು ರೂಪಾಯಿ ನಾಣ್ಯ, ಮೂರು ಬಕಲ್. ಬಕಲ್ಲುಗಳು ಹೊಸದರ ಹಾಗೆ ಹೊಳೆಯುತ್ತಿದ್ದವು. ಒರಗುವ ಭಾಗ, ಕೂರುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿ ನೋಡು ಎಂದು ಮಗ ಹೇಳಿದ. ಎರಡು ಕಬ್ಬಿಣದ ಬಳೆ ಕೈಗೆ ಸಿಕ್ಕಿದವು. ಅದಕ್ಕೆ ಐಸೋಫಿಕ್ಸ್ ಅನ್ನುತ್ತಾರೆ. ಅದಕ್ಕೆ ಹೊಂದುವ ಸೀಟಾದರೆ ಬೆಲ್ಟಿನ ಗೋಜಿಲ್ಲದೆ ಕಟಕ್ ಎಂದು ಕೂರುತ್ತದೆ. "ಆರು ವರ್ಷದಿಂದ ಇದೇ ಗಾಡಿ ಓಡಿಸ್ತಿದೀನಿ ಮಿಸ್, ಇದಿರೋದೇ ಗೊತ್ತಿರ್ಲಿಲ್ಲ" ಎಂದ ನನ್ನ ಶಿಷ್ಯ.

ನಮ್ಮದು ಬೆಲ್ಟಿನಲ್ಲಿ ಕಟ್ಟುವ ಸೀಟು. ಬೆಲ್ಟನ್ನು ಪೂರ್ತಿ ಎಳೆದು, ಸೀಟಿನ ಮೇಲೆ ಗುರುತು ಹಾಕಿರುವ ದಾರಿಯಲ್ಲೇ ತೂರಿಸಬೇಕು. ಆಮೇಲೆ ಮಗ ಸೀಟಿನ ಮೇಲೆ ಮೊಣಕಾಲೂರಿ ಭಾರ ಬಿಟ್ಟ. ಶಿಷ್ಯ ಬೆಲ್ಟ್ ಜಗ್ಗಿದ. ಮೂಟೆ ಕಟ್ಟುವವರ ಹಾಗೆ ಇಬ್ಬರೂ ಬೆವತರು. ಬುಡದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು. ಮೊದಲ ಸಲ ಸರಿಯಿತು, ಬಿಚ್ಚಿ ಮತ್ತೆ ಕಟ್ಟಿದರು.

"ಮಗುವಿನ ಮುಖ ಹಿಂದಕ್ಕೆ ಯಾಕೆ ಮಿಸ್? ಪಾಪ, ರಸ್ತೆ ಕಾಣಲ್ಲ" ಎಂದ. ಅದಕ್ಕೊಂದು ಪಾಠವೇ ಆಯಿತು. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕತ್ತು ಎಳಸು. ಮುಂದಕ್ಕೆ ಮುಖ ಮಾಡಿದ್ದರೆ ಮೈಗೆ ಪಟ್ಟಿ ಇರುತ್ತದೆ, ತಲೆ ಮಾತ್ರ ಮುಂದಕ್ಕೆ ಎಗರುತ್ತದೆ, ಎಳೆತವೆಲ್ಲ ಕತ್ತಿನ ಮೇಲೆ. ಹಿಂದಕ್ಕೆ ಮುಖ ಮಾಡಿದರೆ ಬೆನ್ನು, ಕತ್ತು, ತಲೆ ಮೂರನ್ನೂ ಸೀಟೇ ಒಟ್ಟಿಗೆ ತಡೆಯುತ್ತದೆ. ಯುರೋಪಿನ ಹೊಸ ಮಾನದಂಡದಲ್ಲಿ 15 ತಿಂಗಳು ದಾಟುವವರೆಗೂ ಹೀಗೇ ಕೂರಿಸಬೇಕು. ಹೀಗೆ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಎಂದೂ ಇಡಬಾರದು. ಬ್ಯಾಗ್ ಉಬ್ಬಿದರೆ ನೇರ ಮಗುವಿನ ತಲೆಯ ಹಿಂಬದಿಗೇ ಹೊಡೆತ.

ಬೆಳಿಗ್ಗೆ ಚಳಿ ಅಂತ ನಾನು ಹಾಕಿದ್ದ ದಪ್ಪ ಸ್ವೆಟರನ್ನು ಸೊಸೆ ಬಿಚ್ಚಿಸಿದಳು. ಸ್ವೆಟರ್ ಮೇಲೆ ಪಟ್ಟಿ ಬಿಗಿದರೆ ಒಳಗೆ ಸಡಿಲ ಉಳಿಯುತ್ತದಂತೆ. ಪಟ್ಟಿ ಬಿಗಿದ ಮೇಲೆ ಹೊದಿಸಿ ಅತ್ತೆ ಎಂದು ನನ್ನ ಶಾಲನ್ನೇ ಕೇಳಿದಳು. ಆ ದಿನದ ನಂತರ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು ಅನ್ನಿಸಿತು. ಮಗು ಊರು ದಾಟುವವರೆಗೆ ಕಿರುಚಿತು. ನನ್ನ ಕೈ ತಡೆಯಲಿಲ್ಲ, ಎರಡು ಸಲ ಬಕಲ್ಲಿನ ಹತ್ತಿರ ಹೋಗಿ ವಾಪಸ್ ಬಂತು. ಸಕಲೇಶಪುರ ಬರುವಷ್ಟರಲ್ಲಿ ನಿದ್ದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ನಾವು ಮೂವರು ಅತ್ತಿತ್ತ ವಾಲುತ್ತಿದ್ದೆವು. ಅವಳ ತಲೆ ಮಾತ್ರ ಇದ್ದಲ್ಲೇ ಇತ್ತು.

ಈಗ ನನ್ನ ಕೋರಿಕೆ. ಹಳದಿ ಬೋರ್ಡ್ ಗಾಡಿಗಳು ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಮಾಡಿಸಲು ತಪಾಸಣೆಗೆ ಬರಲೇಬೇಕು. ಆಗ ಹಾರ್ನ್, ಲೈಟ್, ಬ್ರೇಕ್ ನೋಡುವ ಹಾಗೆ ಹಿಂದಿನ ಮೂರು ಬಕಲ್ಲೂ ಮೇಲೆ ಇವೆಯೇ ಎಂದು ನೋಡಿದರಾಯಿತು. ಕವರ್ ಹೊಲಿಯುವವರು ಬಕಲ್ಲಿನ ಜಾಗದಲ್ಲಿ ಒಂದು ಸೀಳು ಬಿಟ್ಟರೂ ಸಾಕು. ಅದಕ್ಕೆ ಎಷ್ಟು ಖರ್ಚು? ಒಂದು ಕತ್ತರಿ.

ವಿಮಾನ ನಿಲ್ದಾಣದ ಟ್ಯಾಕ್ಸಿ ನಡೆಸುವವರು, ದೊಡ್ಡ ಟ್ರಾವೆಲ್ಸ್‌ನವರು ಪ್ರತಿ ಗಾಡಿಗೂ ಸೀಟು ಇಡಬೇಕಿಲ್ಲ. ಸ್ಟ್ಯಾಂಡಿನಲ್ಲಿ ನಾಲ್ಕೈದು ಸೀಟು ಇಟ್ಟು ಬಾಡಿಗೆಗೆ ಕೊಡಲಿ. ಟ್ರಿಪ್ಪಿಗೆ 300 ರೂಪಾಯಿ ಅಂದರೂ ನಾನು ಸಂತೋಷವಾಗಿ ಕೊಡುತ್ತೇನೆ. ಬುಕ್ ಮಾಡುವಾಗ ಮಗುವಿನ ವಯಸ್ಸು, ತೂಕ ಕೇಳಿ ಬರೆದುಕೊಳ್ಳಬೇಕು. 9 ಕಿಲೋ ಮಗುವಿನ ಸೀಟು ಬೇರೆ, 20 ಕಿಲೋ ಮಗುವಿನದು ಬೇರೆ. ಅಪಘಾತ ಕಂಡ ಸೀಟನ್ನು ಮತ್ತೆ ಬಳಸಬಾರದು, ಹೊರಗೆ ಬಿರುಕು ಕಾಣದಿದ್ದರೂ. ಬಾಡಿಗೆ ಸೀಟು ಪಡೆಯುವವರು ಇದನ್ನು ಮುಲಾಜಿಲ್ಲದೆ ಕೇಳಬೇಕು.

ಕಾರು ಕಂಪನಿಗಳ ಜಾಹೀರಾತಿನಲ್ಲಿ ಐದು ನಕ್ಷತ್ರ ಅಂತ ಬರುತ್ತದಲ್ಲ, ಅದರ ಬಗ್ಗೆ ಒಂದು ಮಾತು. 2023ರಲ್ಲಿ ಶುರುವಾದ, ಕಾರುಗಳ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆ ಬೇರೆ ನಕ್ಷತ್ರ ಕೊಡುತ್ತಾರೆ. ಹದಿನೆಂಟು ತಿಂಗಳ ಮಗು, ಮೂರು ವರ್ಷದ ಮಗುವಿನ ಅಳತೆಯ ಗೊಂಬೆಗಳನ್ನು ಕೂರಿಸಿ ಕಾರನ್ನು ಗುದ್ದಿಸಿ ನೋಡುತ್ತಾರೆ. ಆ ಗೊಂಬೆಗಳು ಕೂತಿರುವುದು ಮಕ್ಕಳ ಸೀಟಿನಲ್ಲಿ, ಅಜ್ಜಿಯ ಮಡಿಲಲ್ಲಲ್ಲ.

ಮಗ ಸೊಸೆ ವಾಪಸ್ ಹೋದರು. ಅವರ ಕಾರಿಗೆ ಬೇರೆ ಸೀಟಿದೆ, ಇದು ಪ್ರಯಾಣಕ್ಕೆಂದು ಕೊಂಡಿದ್ದ ಕಡಿಮೆ ಬೆಲೆಯದು. ಇಲ್ಲೇ ಬಿಟ್ಟುಹೋದರು. ಅಟ್ಟಕ್ಕೆ ಹಾಕಲು ಮನಸ್ಸಾಗಲಿಲ್ಲ, ಶಿಷ್ಯನ ಟ್ಯಾಕ್ಸಿ ಸ್ಟ್ಯಾಂಡಿಗೆ ಕೊಟ್ಟಿದ್ದೇನೆ. ಹೇಗೆ ಕಟ್ಟಬೇಕೆಂದು ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು, ಚಿತ್ರ ಬಿಡಿಸಿ, ಅದರ ಜೊತೆ ಇಟ್ಟಿದ್ದೇನೆ. ಇಷ್ಟರಲ್ಲಿ ಮೂರು ಮನೆಯವರು ಒಯ್ದಿದ್ದಾರೆ. ಮೊನ್ನೆ ವಾಪಸ್ ಬಂದಾಗ ಸಂದಿಯಲ್ಲೆಲ್ಲ ಬಿಸ್ಕತ್ತಿನ ಪುಡಿ. ಕವರ್ ತೆಗೆದು ಒಗೆದು ಬಿಸಿಲಿಗೆ ಹಾಕಿದ್ದೇನೆ, ನಾಳೆ ಬೆಳಿಗ್ಗೆ ಮತ್ತೆ ಒಬ್ಬರಿಗೆ ಬೇಕಂತೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಹಾಸನ