ಗಂಟೆ ಎಷ್ಟಾತು ಮಾರಾಯ?

ಪ್ರೀತಿಯ ಭಟ್ಟಾ,

ನಿನ್ನ ಹದಿಮೂರನೇ ದಿನದ ಊಟಕ್ಕೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ಭಂಡ ಧೈರ್ಯದವ, ಯಾವುದಕ್ಕೂ ಹೆದರಿದವನಲ್ಲ.’ ಪಾಯಸ ಬಡಿಸಿಕೊಳ್ಳುತ್ತಾ ನಾನೂ ಹೌದೆಂದು ತಲೆಯಾಡಿಸಿದೆ. ಆ ಸುಳ್ಳು ಗಂಟಲಲ್ಲೇ ಕೂತಿದೆ, ಅದಕ್ಕೇ ಈ ಪತ್ರ. ನಿನ್ನಷ್ಟು ಹೆದರುವ ಮನುಷ್ಯನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ ಕಣೋ.

ಶಂಕರ ಹೊಂಡದ ಮೆಟ್ಟಿಲ ಮೇಲೆ ಕೂತು ನೀನು ಆ ಹುಚ್ಚು ಹಚ್ಚಿದ್ದು ನೆನಪಿದೆಯಾ? ಶಿರಸಿ ಪೇಟೆಯ ಈ ಹೊಂಡದ ನೀರು ಅಘನಾಶಿನಿ ಹೊಳೆಯಾಗಿ ನಮ್ಮ ಕುಮಟೆಯ ಕಡಲು ಸೇರುತ್ತದಲ್ಲ, ಅದರ ಬೆನ್ನಿಗೇ ನಡೆಯೋಣ ಅಂದೆ. ‘ಕಾಳಿಗೆ ಕಟ್ಟೆ ಕಟ್ಟಿದ, ಶರಾವತಿಗೂ ಕಟ್ಟಿದ. ಇದೊಂದು ಬಿಟ್ಟಿದ್ದ. ಕಟ್ಟದ್ರೊಳಗೆ ನೋಡಿ ಬಪ್ಪನ.’ ರಜೆ ಸಿಕ್ಕಾಗ ಒಂದೊಂದು ತುಂಡು. ನನಗೋ ಒಂದೇ ಏಟಿಗೆ ಮುಗಿಸುವ ಅವಸರ. ನಿನ್ನ ಚೀಲದಲ್ಲಿ ಹಗ್ಗ, ಉಂಬಳಕ್ಕೆ ಸುಣ್ಣ ತಂಬಾಕು, ಬೇಸಿಗೆಯಾದರೆ ಮಂಗನ ಕಾಯಿಲೆಯ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ. ಮದುವೆಗೆ ಹೊರಟ ಅತ್ತೆಯ ಪೆಟ್ಟಿಗೆ ಅಂತ ನಾನು ನಗುತ್ತಿದ್ದೆ.

ಹೊಳೆ ದಾಟುವ ಮೊದಲು ನೀನೊಂದು ಕಡ್ಡಿಯನ್ನು ನೀರಂಚಿಗೆ ಊರುತ್ತಿದ್ದೆ. ಊರಿ, ಎಲೆ ಅಡಿಕೆಯ ಕವಳ ಹಾಕಿ, ಬಾಯಿ ಕೆಂಪಾಗುವವರೆಗೂ ಕೂತಿರುತ್ತಿದ್ದೆ. ಕಡ್ಡಿಯ ಬುಡ ಒದ್ದೆಯಾದರೆ ದಾಟುವ ಮಾತಿಲ್ಲ. ಇಲ್ಲಿ ಎಳೆ ಬಿಸಿಲಿದ್ದರೂ ಮೇಲೆ ಶಿರಸಿ ಸೀಮೆಯಲ್ಲಿ ಮಳೆ ಹೊಡೆದಿರುತ್ತದೆ, ತಿಳಿನೀರು ಕದಡಿ ತರಗೆಲೆ ತೇಲಿಬಂದರೆ ಹಿಂದೆಯೇ ಹೊಳೆ ಬರುತ್ತದೆ ಅಂತ ನೀನು ಹೇಳಿದ್ದು ನನಗೆ ಹೆದರುಪುಕ್ಕಲನ ನೆಪದ ಹಾಗೆ ಕೇಳುತ್ತಿತ್ತು. ಉಂಚಳ್ಳಿ ಜಲಪಾತದ ಮೇಲೆ ಒಂದು ದಿನ ಆ ತರಗೆಲೆ ಬಂತು. ಮೊಣಕಾಲುದ್ದ ಇದ್ದ ಕಡೆ ಒಂದು ಕವಳ ಮುಗಿಯುವಷ್ಟರಲ್ಲಿ ಮರದ ದಿಮ್ಮಿ ಉರುಳಿ ಹೋಯಿತು. ಮುಂದೆ 116 ಮೀಟರ್ ಪ್ರಪಾತ. ನೀನು ಏನೂ ಅನ್ನಲಿಲ್ಲ, ಕವಳ ಉಗುಳಿ ಹಗ್ಗ ಸುತ್ತಿದೆ. ಆ ಜಲಪಾತಕ್ಕೆ ಲುಷಿಂಗ್ಟನ್ ಅಂತ ಬ್ರಿಟಿಷ್ ಕಲೆಕ್ಟರನ ಹೆಸರಿಟ್ಟದ್ದು ನಿನಗೆ ಆಗಿಬರುತ್ತಿರಲಿಲ್ಲ. ‘ಕೆಪ್ಪಜೋಗ ಅಂದ್ರೆ ಸಾಕು, ಕಿವಿ ಇದ್ದವರಿಗೆ ಅರ್ಥ ಆಗ್ತು.’

ಎರಡು ಗಂಟೆಯ ನಿಯಮ ಬೇರೆ. ಎಲ್ಲಿಯೇ ಇರಲಿ, ಎದುರಿಗೇ ಊರು ಕಾಣಲಿ, ಮಧ್ಯಾಹ್ನ ಎರಡಾದರೆ ವಾಪಸ್. ‘ಗಂಟೆ ಎಷ್ಟಾತು ಮಾರಾಯ?’ ನಿನ್ನ ಕೈಯಲ್ಲಿ ಗಡಿಯಾರ ಇರಲಿಲ್ಲ, ನನ್ನನ್ನೇ ಕೇಳಬೇಕು. ಉಪ್ಪಿನಪಟ್ಟಣ ಇನ್ನೇನು ಸಿಕ್ಕಿತು ಅನ್ನುವಾಗ ಎರಡು ಸಲ ತಿರುಗಿಸಿಕೊಂಡು ಬಂದಿದ್ದೀಯ. ಮೂರನೇ ಸಲ ಗಡಿಯಾರವನ್ನು ಅರ್ಧ ಗಂಟೆ ಹಿಂದಿಟ್ಟಿದ್ದೆ. ಇವತ್ತು ಒಪ್ಪಿಕೊಂಡೆ, ಬೈಯಿ.

2024ರ ಏಪ್ರಿಲ್‌ನಲ್ಲಿ ಕೊನೆಯ ತುಂಡು ನಡೆಯಲೆಂದೇ ನೀನು ಘಟ್ಟ ಇಳಿದು ನಮ್ಮ ಮನೆಗೆ ಬಂದಿದ್ದೆ. ರಾತ್ರಿ ಎದೆ ಹಿಡಿದುಕೊಂಡೆ. ಇಲ್ಲಿ ಆಗುವುದಲ್ಲ, ಮಣಿಪಾಲಕ್ಕೆ ಒಯ್ಯಿರಿ ಅಂದರು. ಕುಮಟೆಯಿಂದ ನೂರು ಕಿಲೋಮೀಟರಿಗೂ ಹೆಚ್ಚು. ನಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಕೂಗೆದ್ದಾಗ ನೀನೂ ಬೋರ್ಡು ಹಿಡಿದು ನಿಂತಿದ್ದೆಯಲ್ಲ. ಆಂಬುಲೆನ್ಸ್ ಹೊನ್ನಾವರ ದಾಟುತ್ತಿತ್ತು. ಕಿಟಕಿಯಾಚೆ ಶರಾವತಿ, ಕತ್ತಲೆ. ನೀನು ಆಕ್ಸಿಜನ್ ಮುಖವಾಡ ಸರಿಸಿ ಕೇಳಿದೆ: ‘ಗಂಟೆ ಎಷ್ಟಾತು?’

ಮೂರು ಹತ್ತಿರವಾಗಿತ್ತು. ಒಂದೂವರೆ ಅಂದೆ.

‘ಹಂಗಾರೆ ಹೋಪನ’ ಅಂದೆ ನೀನು. ಭಟ್ಕಳದ ಈಚೆಗೇ ಮುಗಿಯಿತು.

ಅದೇ ಮಳೆಗಾಲ ಏನೇನಾಯಿತು ಅಂತ ನಿನಗೆ ಗೊತ್ತಿಲ್ಲ. ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಆ ಗುಡ್ಡದ ಬುಡದಲ್ಲಿ ಚಹಾ ಕುಡಿಯುತ್ತಾ, ಕಡಿದು ನಿಲ್ಲಿಸಿದ ಮಣ್ಣನ್ನು ನೋಡಿ ನೀನು ‘ಇದು ನಿಲ್ತಿಲ್ಲೆ’ ಅಂದಿದ್ದೆ. ಆ ಚಹಾದ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಎಲ್ಲ ಹೋಯಿತು. ಗುಡ್ಡದ ಜೊತೆ ಗಂಗಾವಳಿ ಹೊಳೆಗೆ ಹೋದ ಲಾರಿಯೊಂದನ್ನು ತಳದಿಂದ ಎತ್ತುವಾಗ ಸೆಪ್ಟೆಂಬರ್ ಕೊನೆಯಾಗಿತ್ತು. ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆಯೂ ಮುರಿದುಬಿತ್ತು, ನಾವು ಸದಾಶಿವಗಡಕ್ಕೆ ಹೋಗುವಾಗೆಲ್ಲ ದಾಟಿದ್ದೇ. ಲಾರಿ ಸಮೇತ ಹೊಳೆಗೆ ಬಿದ್ದ ಡ್ರೈವರ್ ಬದುಕಿದ. ಟೀವಿ ನೋಡುತ್ತಾ ನಿನಗೆ ಫೋನ್ ಮಾಡಲು ಕೈ ಹೋಗಿತ್ತು.

ಕಳೆದ ವಾರ ಒಬ್ಬನೇ ಆ ಕೊನೆಯ ತುಂಡಿಗೆ ಹೋದೆ. ಉಪ್ಪುನೀರು ನುಗ್ಗಿದರೂ ಬದುಕುವ ಕಗ್ಗ ಭತ್ತ ಅಂತ ನೀನು ಕುಣಿದಾಡುತ್ತಿದ್ದೆಯಲ್ಲ, ಆ ಗಜನಿ ಗದ್ದೆಗಳ ಕಟ್ಟೆ ಮೇಲಿಂದ ನಡೆದು ಹೊಳೆ ದಂಡೆಗೆ ಇಳಿದೆ. ಇಳಿತದ ಹೊತ್ತು. ಸೊಂಟದ ತನಕ ನೀರಲ್ಲಿ ನಿಂತು ಹೆಂಗಸರು ಬಳಚಿನ ಚಿಪ್ಪು ಆರಿಸುತ್ತಿದ್ದರು. ಆಚೆ ದಡದಲ್ಲಿ ತದಡಿ, ಅಲ್ಲಿಗೆ ದಾಟಿಸುವ ಬಾರ್ಜಿನ ಸದ್ದು. ಅಭ್ಯಾಸಬಲ, ಒಂದು ಕಡ್ಡಿ ಊರಿ ಕೂತೆ. ಕವಳ ಇರಲಿಲ್ಲ.

ಬುಟ್ಟಿ ಹೊತ್ತು ಮೇಲೆ ಬಂದ ಅಕ್ಕ ಗುರುತು ಹಿಡಿದಳು. ನೀನು ಕದ್ದು ಬಳಚು ಒಯ್ದು ನಮ್ಮ ಮನೆಯಲ್ಲಿ ಸುಕ್ಕಾ ಮಾಡಿಸಿ ತಿಂದು, ‘ಆಯಿಗೆ ಹೇಳಡ’ ಅನ್ನುತ್ತಿದ್ದೆಯಲ್ಲ, ಆ ಬಳಚು ಕೊಡುತ್ತಿದ್ದವಳೇ.

‘ನಿನ್ನ ಸಂಗ್ತಿಗೆ ಬರ್ತಿದ್ದ ಭಟ್ಟರ ಮಾಣಿ ಎಲ್ಲಿ ತಮಾ? ಐವತ್ತು ರೂಪಾಯಿ ಬಾಕಿ ಅದೆ ಅವ್ನದು.’

ಘಟ್ಟದ ಮೇಲೆ ಹೋಗಿದ್ದಾನೆ ಅಂದೆ. ದುಡ್ಡು ಕೊಡಲು ಕಿಸೆಗೆ ಕೈ ಹಾಕಿದರೆ ಅವಳು ಬೇಡವೇ ಬೇಡ ಅಂದಳು. ‘ನೀ ಯಾಕೆ ಕೊಡ್ತೆ? ಅವ್ನೇ ಬಂದು ಕೊಡ್ಲಿ.’

ಕಡ್ಡಿಯ ಬುಡಕ್ಕೆ ಉಬ್ಬರದ ನೀರು ತಾಗಿತ್ತು. ಎದ್ದು ವಾಪಸ್ ಹೊರಟೆ. ಬಾರ್ಜು ಹತ್ತಲಿಲ್ಲ.

ನಿನ್ನ,
ಕುಮಟೆಯ ಅವಸರದವ