ಗೆಳೆಯನಿಗೊಂದು ಪತ್ರ: ಒಳಗೇ ಇದ್ದು ಹೊರಗಿಂದ ಬಂದ ಅತಿಥಿ

ಪ್ರೀತಿಯ ಗೆಳೆಯಾ,

ನೊಬೆಲ್ ಬಂದ ಲೇಖಕರೂ ನಮ್ಮ ಹಾಗೇ ಸೋಮಾರಿಗಳಾ ಅಂತ ಕೇಳಿದ್ದೆ. ಫ್ರೆಂಚ್ ಲೇಖಕ ಅನತೋಲ್ ಫ್ರಾನ್ಸ್ ಅಂತೂ ಹೌದು. ಆತನನ್ನು ಕೂರಿಸಿ ಬರೆಸಿದ್ದು ಬೇರೊಬ್ಬರ ಹೆಂಡತಿ ಕಣೋ!

ಆಕೆ ಮದಾಂ ಅರ್ಮಾನ್ ದ ಕಾಯಾವೆ. ಪ್ಯಾರಿಸ್ಸಿನ ಓಶ್ ಅವೆನ್ಯೂದಲ್ಲಿ 12ನೇ ನಂಬರಿನ ಮನೆ. ಬುಧವಾರ ಆಯ್ದ ಕೆಲವರಿಗೆ ಊಟ, ಭಾನುವಾರ ಮನೆ ತುಂಬ ಜನ. ಇಂಥ ಕೂಟಕ್ಕೆ ಅಲ್ಲಿ ಸಲೋನ್ ಅಂತಾರೆ. ನಮ್ಮ ಕಟಿಂಗ್ ಶಾಪಿನ ಸಲೂನಿಗೂ ಅದೇ ಮೂಲ. ಹರಟೆಯಂತೂ ಎರಡೂ ಕಡೆ ಇದ್ದದ್ದೇ. ಕೂಟ ಅಂದಮೇಲೆ ಹತ್ತು ಜನಕ್ಕೆ ತೋರಿಸಲು ಒಬ್ಬ ದೊಡ್ಡ ಮನುಷ್ಯ ಬೇಕಲ್ವಾ? ಈಕೆಗೆ ಸಿಕ್ಕಿದ್ದು ಫ್ರಾನ್ಸ್.

1888ರ ಹೊತ್ತಿಗೆ ಪ್ರೇಮ ಶುರುವಾಯಿತು. ಇಬ್ಬರೂ 1844ರಲ್ಲಿ ಹುಟ್ಟಿದವರು, ಇಬ್ಬರಿಗೂ ಮದುವೆಯಾಗಿತ್ತು. 1893ರಲ್ಲಿ ಆತ ವಿಚ್ಛೇದನ ಪಡೆದ. ಆಕೆ ಗಂಡನ ಮನೆಯಲ್ಲೇ ಉಳಿದಳು.

ಇನ್ನು ತಮಾಷೆ ಕೇಳು. ಫ್ರಾನ್ಸ್ ಮಧ್ಯಾಹ್ನ ಅಲ್ಲೇ ಉಂಡು, ಅಲ್ಲೇ ಕೂತು ಬರೆಯುತ್ತಿದ್ದ. ಅತಿಥಿಗಳು ಬರುವ ಹೊತ್ತಿಗೆ ಮೆಲ್ಲಗೆ ಎದ್ದುಹೋಗಿ, ಟೋಪಿ ಹಿಡಿದು, ಈಗಷ್ಟೇ ಬೀದಿಯಿಂದ ಬಂದವನ ಹಾಗೆ ಹಜಾರಕ್ಕೆ ಬರುತ್ತಿದ್ದ. ಈ ಕಡೆ ಬಂದಿದ್ದೆ, ಹಾಗೇ ಮಾತಾಡಿಸಿ ಹೋಗೋಣ ಅನ್ನಿಸಿತು ಅಂತ ಬೇರೆ ಹೇಳೋದು. ಎಲ್ಲರಿಗೂ ಗೊತ್ತು, ಯಾರೂ ನಗುವ ಹಾಗಿಲ್ಲ. ಆ ಮನೆಗೆ ಬಂದುಹೋಗುತ್ತಿದ್ದ ಪ್ರೂಸ್ಟ್ ಅನ್ನೋ ಹುಡುಗನ ಕಣ್ಣು ಚುರುಕಾಗಿತ್ತು. ಮುಂದೆ ಅವನ ಕಾದಂಬರಿಯಲ್ಲಿ ಬರುವ ಲೇಖಕ ಬೆರ್ಗೋತ್‌ನಲ್ಲಿ ಫ್ರಾನ್ಸ್‌ನ ಛಾಯೆ ಜಾಸ್ತಿಯೇ ಇದೆ.

ಆಕೆಗೆ ಪ್ರೇಮ ಒಂದೇ ಸಾಲದು, ಪುಟಗಳೂ ಬೇಕು. ಬರೆದೆಯಾ ಅಂತ ದಿನಾ ಬೆನ್ನು ಹತ್ತುತ್ತಿದ್ದಳು. 1894ರಲ್ಲಿ ಬಂದ ಆತನ ಕಾದಂಬರಿ ‘ಕೆಂಪು ಲಿಲಿ’ ಓದಿ ನೋಡು. ಫ್ಲಾರೆನ್ಸಿನಲ್ಲಿ ನಡೆಯುವ ಆ ಪ್ರೇಮದಲ್ಲಿ ಗಂಡಸು ಹೊಟ್ಟೆಕಿಚ್ಚಿಂದಲೇ ಸುಟ್ಟುಹೋಗುತ್ತಾನೆ. ಅದು ಫ್ರಾನ್ಸ್‌ನದೇ ಹೊಟ್ಟೆಕಿಚ್ಚು ಅಂತ ನನ್ನ ಅನುಮಾನ.

1909ರಲ್ಲಿ ಆತ ಭಾಷಣಕ್ಕೆಂದು ಅರ್ಜೆಂಟೀನಾಕ್ಕೆ ಹೊರಟ. ಆ ಪ್ರವಾಸದಲ್ಲಿ ಒಬ್ಬ ನಟಿಯ ಜೊತೆ ಸುತ್ತಾಟ. ಸುದ್ದಿ ಪ್ಯಾರಿಸ್ಸಿಗೆ ಬರದೆ ಇರುತ್ತಾ? ಇಪ್ಪತ್ತು ವರ್ಷ ಬರೆಸಿದವಳು ಕುಸಿದುಹೋದಳು. ಆತ ವಾಪಸ್ ಬಂದದ್ದೇನೋ ನಿಜ, ಆದರೆ 1910ರ ಜನವರಿಯಲ್ಲಿ ಆಕೆ ತೀರಿಕೊಂಡಳು. ಇಲ್ಲಿ ನನಗೆ ಫ್ರಾನ್ಸ್ ಮೇಲೆ ಸಿಟ್ಟು ಬರುತ್ತೆ ಮಾರಾಯ.

1920ರಲ್ಲಿ ಆತ ಮತ್ತೆ ಮದುವೆಯಾದ. ಯಾರನ್ನು ಗೊತ್ತಾ? ಹಿಂದೆ ಇದೇ ಮದಾಂ ಬಳಿ ಕೆಲಸಕ್ಕಿದ್ದ ಎಮ್ಮಾಳನ್ನು. ನೊಬೆಲ್ ಬಂದದ್ದು ಅದರ ಮರುವರ್ಷ.

ನಿನ್ನ ಕಥೆ ಎಲ್ಲಿಗೆ ಬಂತು? ಬರಿ.

ನಿನ್ನ ಗೆಳೆಯ