ಲಾಮಾ ಉಣ್ಣೆ ಚುಚ್ಚುವುದೇಕೆ?

ಮಾನ್ಯರೇ,

ಲಾಮಾ ಉಣ್ಣೆ ನೂಲುವವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಎರಡು: ಮೈಗೆ ಚುಚ್ಚುತ್ತದೆ, ಹೆಣೆದ ಸ್ವೆಟರ್ ಜೋತು ಬೀಳುತ್ತದೆ. ಎರಡಕ್ಕೂ ಪರಿಹಾರ ಇದೆ.

ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾದ ಎತ್ತರದ ಬಯಲುಗಳಲ್ಲಿ ಸಾಕುವ, ಒಂಟೆಯ ಬಳಗದ ಈ ಪ್ರಾಣಿಗೆ ಎರಡು ಪದರದ ಮೈಗೂದಲು. ಒಳಗಿನದು ಮೆತ್ತನೆಯ ಎಳೆ, ಹೊರಗಿನದು ಉದ್ದನೆಯ ಬಿರುಸು ಕೂದಲು. ಚುಚ್ಚುವುದು ಈ ಬಿರುಸು ಕೂದಲೇ. ಅದು ಹುರಿಗೆ ಬಗ್ಗದೆ ನೂಲಿನಿಂದ ಹೊರಗೆ ನಿಲ್ಲುತ್ತದೆ. ಒಂದು ಗೊಂಚಲು ಹಿಡಿದರೆ ತುದಿಯಲ್ಲಿ ಚಾಚಿಕೊಂಡಿರುವುದು ಅದೇ. ಬುಡ ಒತ್ತಿಹಿಡಿದು ಆ ತುದಿಗಳನ್ನು ಎಳೆದು ತೆಗೆಯಬೇಕು. ಈ ಕೆಲಸ ಹಿಂಜುವ ಮೊದಲೇ ಆಗಬೇಕು. ಹಿಂಜಿದ ಮೇಲೆ ಎರಡೂ ಬೆರೆತು, ಆರಿಸುವುದು ಆಗದ ಮಾತು.

ಲಾಮಾ ಉಣ್ಣೆಯಲ್ಲಿ ಕುರಿ ಉಣ್ಣೆಯಷ್ಟು ಜಿಡ್ಡಿಲ್ಲ, ಧೂಳೇ ಹೆಚ್ಚು. ಮೊದಲು ಜಾಲರಿಯ ಮೇಲೆ ಕೊಡವಿ. ಆಮೇಲೆ ಬಲೆಚೀಲಕ್ಕೆ ಹಾಕಿ, ಉಗುರುಬೆಚ್ಚಗಿನ ಅಂಟುವಾಳದ ನೀರಿನಲ್ಲಿ 20 ನಿಮಿಷ ನೆನೆಸಿದರೆ ಸಾಕು. ಉಜ್ಜಬಾರದು, ಹಿಂಡಬಾರದು. ಜಾಲಿಸುವ ನೀರೂ ಅಷ್ಟೇ ಬಿಸಿ ಇರಲಿ; ತಿಕ್ಕಾಟಕ್ಕೆ ಬಿಸಿ-ತಣ್ಣೀರಿನ ಏರುಪೇರೂ ಸೇರಿದರೆ ಎಳೆಗಳು ಗಂಟುಕಟ್ಟಿ ಕಂಬಳಿಯ ತುಂಡಿನಂತಾಗುತ್ತವೆ.

ಜೋತು ಬೀಳುವುದಕ್ಕೆ ಕಾರಣ ಬೇರೆ. ಈ ಎಳೆಯಲ್ಲಿ ಗುಂಗುರು ಕಡಿಮೆ, ಹಾಗಾಗಿ ಹಿಗ್ಗಿದ್ದು ಮರಳಿ ಕುಗ್ಗುವುದಿಲ್ಲ. 70 ಗ್ರಾಂ ಲಾಮಾಕ್ಕೆ 30 ಗ್ರಾಂ ಮೆರಿನೋ ಕುರಿಯ ನಯವಾದ ಉಣ್ಣೆ ಬೆರೆಸಿ ಹಿಂಜಿ. ನಮ್ಮ ಕಂಬಳಿಯ ಉಣ್ಣೆ ಇಲ್ಲಿ ಬೇಡ, ಅದೇ ಚುಚ್ಚುತ್ತದೆ. ಎಳೆ ನುಣುಪಾದ್ದರಿಂದ ಹುರಿ ಸಡಿಲವಾದರೆ ನೂಲು ಜಾರಿ ಕಳಚುತ್ತದೆ; ಸ್ವಲ್ಪ ಬಿಗಿಯಾಗಿ ನೂತು, ಎರಡೆಳೆ ಸೇರಿಸಿ ಎದುರು ದಿಕ್ಕಿಗೆ ಹುರಿ ಕೊಡಬೇಕು. ಬೆರಕೆ ಬೇಡವೆನ್ನುವವರು ಶಾಲು ಮಾಡಿಕೊಳ್ಳಲಿ, ಅದಕ್ಕೆ ಈ ಇಳಿಬೀಳುವ ಗುಣವೇ ಚೆಂದ.

ಬಣ್ಣಕ್ಕೆ ಶಿರಸಿ ಸೀಮೆಯವರು ದೂರ ಹೋಗಬೇಕಿಲ್ಲ, ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರು, ಅಂದರೆ ಚೊಗರು ಇದೆ. 100 ಗ್ರಾಂ ಬಿಳಿ ನೂಲಿಗೆ 12 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ, ಕುದಿ ಬರದಂತೆ ಒಂದು ತಾಸು ಕಾಯಿಸಿ ಅದರಲ್ಲೇ ಆರಲು ಬಿಡಿ. ನಂತರ ಚೊಗರಿನ ನೀರಿನಲ್ಲಿ ಹಾಗೆಯೇ ಇನ್ನೊಂದು ತಾಸು. ಕೆಂಗಂದು ಬಣ್ಣ ಬರುತ್ತದೆ. ಚೊಗರಿನ ಸಾಂದ್ರತೆ ಮನೆಯಿಂದ ಮನೆಗೆ ಬೇರೆ, ಒಂದು ಎಳೆ ಅದ್ದಿ ನೋಡಿಯೇ ಮುಂದುವರಿಯಿರಿ. ಕಬ್ಬಿಣದ ಬಾಣಲೆ ಬಳಸಿದರೆ ಬಣ್ಣ ಕಪ್ಪಾಗುತ್ತದೆ, ಕಬ್ಬಿಣದ ಅಂಶ ಹೆಚ್ಚಾದರೆ ಎಳೆಯೂ ಪೆಡಸಾಗುತ್ತದೆ.

ಕಾರವಾರದಿಂದ ಭಟ್ಕಳದವರೆಗೆ ಮಳೆಗಾಲವೇ ದೊಡ್ಡ ಶತ್ರು. ಉಣ್ಣೆ ಗಾಳಿಯ ತೇವ ಹೀರುತ್ತದೆ, ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಆ ತೇವದೊಂದಿಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯಬಹುದು; ಒತ್ತಾದ ಬಟ್ಟೆಯ ಚೀಲ ಮೇಲು. ನುಸಿಯ ಅನುಮಾನವಿದ್ದರೆ ಚೆನ್ನಾಗಿ ಒಣಗಿಸಿ, ಗಾಳಿಯಾಡದಂತೆ ಸುತ್ತಿ ಒಂದು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಪೂರ್ತಿ ತಣುಪು ಆರುವ ತನಕ ಪೊಟ್ಟಣ ಬಿಚ್ಚಬೇಡಿ.

ಮಾರುವವರಲ್ಲಿ ನಮ್ಮ ಕೋರಿಕೆ: ಬಿರುಸು ಕೂದಲು ಆರಿಸಿದೆಯೋ ಇಲ್ಲವೋ ಎಂಬುದನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಯಿರಿ. ಕರಕುಶಲ ತರಬೇತಿ ಕೊಡುವವರು ಚರಕದ ಮುಂದೆ ಕೂರಿಸುವ ಮೊದಲು ಆರಿಸುವುದನ್ನು ಕಲಿಸಲಿ.

– ಕೈನೂಲು ಆಸಕ್ತರು, ಶಿರಸಿ